ಫೋನು ಕೆಟ್ಟಿಲ್ಲ, ಬಾಯಿ ಮುಚ್ಚಿಕೊಂಡಿದೆ

ಊರಿನಲ್ಲಿರುವ ಅಮ್ಮನಿಗೆ ಬೆಂಗಳೂರಿನ ಮಗ ಏಳು ಸಲ ಫೋನ್ ಮಾಡುತ್ತಾನೆ. ಎತ್ತುವವರಿಲ್ಲ. ಗಾಬರಿಯಿಂದ ಪಕ್ಕದ ಮನೆಯವರನ್ನು ಕಳಿಸಿದರೆ ಅಮ್ಮ ಟಿವಿ ಮುಂದೆ ಅವರೆಕಾಯಿ ಸುಲಿಯುತ್ತ ಕೂತಿರುತ್ತಾರೆ, ಫೋನು ಮೊಣಕಾಲ ಪಕ್ಕದಲ್ಲೇ. ‘ರಿಂಗೇ ಆಗ್ಲಿಲ್ವಲ್ಲಪ್ಪ!’ ಇಂಥ ಪ್ರಸಂಗ ನಡೆಯದ ಮನೆ ಈಗ ಕಡಿಮೆ.

ರಿಪೇರಿ ಅಂಗಡಿಗೆ ಓಡುವ ಮೊದಲು ಒಂದು ಹಾಡು ಹಾಕಿ ನೋಡಬೇಕು. ಹಾಡು ಕೇಳಿಸಿತೋ, ಸ್ಪೀಕರ್ ಸರಿಯಿದೆ ಎಂದೇ ಬಹುಪಾಲು ಅರ್ಥ. ಆಮೇಲೆ ಪರದೆಯ ನೆತ್ತಿಯತ್ತ ಕಣ್ಣು ಹಾಯಿಸಬೇಕು. ಅಲ್ಲಿ ಸಾಸಿವೆಯಷ್ಟು ಚಂದ್ರನೋ, ಅಡ್ಡಗೆರೆಯ ಪುಟ್ಟ ವೃತ್ತವೋ ಇದ್ದರೆ ಕರೆಗಳ ಸದ್ದಡಗಿಸುವ ‘ಡು ನಾಟ್ ಡಿಸ್ಟರ್ಬ್’ ಆನ್ ಆಗಿದೆ. ಮೊಮ್ಮಗ ಗೇಮ್ ಆಡುವಾಗ ಬೆರಳು ತಾಗಿದರೂ ಸಾಕು. ಐಫೋನಿಗೆ ಈ ಸೌಲಭ್ಯ ಬಂದದ್ದು 2012ರಲ್ಲಿ, ಮೀಟಿಂಗಿನಲ್ಲಿ ಕೂರುವವರಿಗೆ ವರವಾಗಿ. ಅವರೆಕಾಯಿ ಸುಲಿಯುವವರಿಗೆ ಅದು ಯಾಕೆ ಬೇಕಿತ್ತೋ!

ಸದ್ದಿನ ಗುಂಡಿಯದು ಇನ್ನೊಂದು ಕಥೆ. 2018ರ ಆಂಡ್ರಾಯ್ಡ್ 9ರ ನಂತರ, ಬದಿಯ ಗುಂಡಿ ಒತ್ತಿದರೆ ಸಾಮಾನ್ಯವಾಗಿ ಏರುವುದು ಹಾಡು, ವಿಡಿಯೊಗಳ ಸದ್ದು. ರಿಂಗಿನ ಸದ್ದು ಬೇರೆಯೇ, ಅದನ್ನು ಏರಿಸಲು ಇನ್ನೊಂದು ಗೆರೆ ಎಳೆಯಬೇಕು. ‘ಫುಲ್ ಇಟ್ಟಿದ್ದೀನಿ’ ಎನ್ನುವ ಅಪ್ಪ ಸುಳ್ಳು ಹೇಳುತ್ತಿಲ್ಲ. ಅವರು ಫುಲ್ ಇಟ್ಟಿದ್ದು ಯೂಟ್ಯೂಬಿನ ಸದ್ದನ್ನು.

ಇಷ್ಟಾದರೂ ಸದ್ದಿಲ್ಲದಿದ್ದರೆ ಬ್ಲೂಟೂತ್ ಆಫ್ ಮಾಡಿ ನೋಡಬಹುದು, ರಿಂಗ್‌ಟೋನನ್ನೂ ಬದಲಿಸಬಹುದು. ಕರೆ ಫೋನಿಗೆ ಬರುತ್ತಲೇ ಇಲ್ಲ, ಮಿಸ್ಡ್ ಕಾಲ್ ಕೂಡ ಕಾಣುತ್ತಿಲ್ಲ ಎಂದಾದರೆ ಮಾತ್ರ ಸ್ವಲ್ಪ ಎಚ್ಚರ ಬೇಕು: ಅದು ಬೇರೆ ನಂಬರಿಗೆ ಫಾರ್ವರ್ಡ್ ಆಗುತ್ತಿರಬಹುದು. *401#ನಂಥ ಕೋಡ್ ಒತ್ತಿಸಿ ಜನರ ಕರೆಗಳನ್ನು, ಜೊತೆಗೆ ಒಟಿಪಿಯನ್ನೂ ಕದಿಯುವ ವಂಚಕರಿದ್ದಾರೆ. ಹೀಗಾಗಿಯೇ ಅಂಥ ಕೋಡ್ ಒತ್ತಿ ಕರೆ ತಿರುಗಿಸುವ ವ್ಯವಸ್ಥೆಯನ್ನು 2024ರ ಏಪ್ರಿಲ್ 15ರಿಂದ ತಡೆಹಿಡಿಯುವಂತೆ ದೂರಸಂಪರ್ಕ ಇಲಾಖೆ ಆದೇಶಿಸಿತು.

ಈ ಅವಾಂತರಕ್ಕೆ ವಯಸ್ಸಾದವರ ‘ಅಜ್ಞಾನ’ವನ್ನು ದೂರುವುದು ಸುಲಭ. ತಪ್ಪು ಕಂಪನಿಗಳದು. ಫೋನಿನ ಮೊದಲ ಕೆಲಸ ಹೊಡೆದುಕೊಳ್ಳುವುದು. ಅದನ್ನು ನಿಲ್ಲಿಸಿದ್ದರೆ, ‘ಈ ಫೋನು ರಿಂಗ್ ಆಗುವುದಿಲ್ಲ’ ಎಂದು ಪರದೆಯ ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ ತೋರಿಸುವುದು ಅವರಿಗೆ ಕಷ್ಟವೇನಲ್ಲ.

ಅಲ್ಲಿಯವರೆಗೆ ಮಕ್ಕಳೇ ಒಂದು ಕೆಲಸ ಮಾಡಬಹುದು. ಮುಂದಿನ ಸಲ ಊರಿಗೆ ಹೋದಾಗ ಅಮ್ಮನ ಫೋನಿನಲ್ಲಿ ನಿಮ್ಮ ನಂಬರಿಗೆ ನಕ್ಷತ್ರದ ಗುರುತು ಹಾಕಿ, ಡು ನಾಟ್ ಡಿಸ್ಟರ್ಬ್‌ನಲ್ಲೂ ಆ ಕರೆಗಳು ರಿಂಗ್ ಆಗುವಂತೆ ಮಾಡಿ. ಆಮೇಲೆ ಅಡುಗೆಮನೆಯಿಂದ ಒಮ್ಮೆ ಫೋನ್ ಮಾಡಿ ನೋಡಿ.