ನಳ ಕೂಡಿಸಿದ್ದು ಸರಿ, ನೀರಿನ ಹಿಸಾಬ ಯಾರು ಕೊಡೋರು?

ನಮ್ಮ ಬೀದರ್ ಜಿಲ್ಲೆಯಲ್ಲಿ ಮಳೆಗೆ ಬರ ಬಂದದ್ದುಂಟು, ಬಾವಿಗೆ ಬರ ಬಂದದ್ದುಂಟು, ನೀರಿನ ಯೋಜನೆಗೆ ಮಾತ್ರ ಬರ ಬಂದದ್ದಿಲ್ಲ. ಬೀದರ, ಭಾಲ್ಕಿ, ಔರಾದ ಎಲ್ಲಿ ನೋಡಿದರೂ ಅಡಿಗಲ್ಲು. ತೆಂಗಿನಕಾಯಿ ಒಡೆದು, ಹಾರ ಹಾಕಿಸಿಕೊಂಡು, ಇಷ್ಟು ಕೋಟಿ ಅಷ್ಟು ಕೋಟಿ ಎಂದು ಹೇಳಿ ಹೋಗುತ್ತಾರೆ. ಐದು ವರ್ಷದ ನಂತರ ಅದೇ ಕಲ್ಲಿನ ಮುಂದೆ ನಿಂತು, "ಅಲ್ರೀ, ಆ ನೀರು ಬಂತೇನ್ರಿ?" ಎಂದು ಕೇಳುವ ಸಾಹೇಬರನ್ನು ಯಾರಾದರೂ ನೋಡಿದ್ದೀರಾ? ನಾವಂತೂ ನೋಡಿಲ್ಲ.

ಕಿರಾಣಿ ಅಂಗಡಿ ಇಟ್ಟವರಿಗೆ ಈ ಮಾತು ಬೇಗ ತಿಳಿಯುತ್ತದೆ. ಅಂಗಡಿಯ ಪೂಜೆಯ ದಿನ ಬಂದ ಮಂದಿಯನ್ನು ಎಣಿಸಿ ಯಾರೂ ವ್ಯಾಪಾರ ಅಳೆಯುವುದಿಲ್ಲ. ದೀಪಾವಳಿಗೆ ಖಾತೆ ಬಿಚ್ಚಿ, ಉದ್ರಿ ಎಷ್ಟು, ನಗದು ಎಷ್ಟು, ಮಾಲು ಎಲ್ಲಿ ಹೋಯಿತು ಎಂದು ನೋಡಿದಾಗಲೇ ಲಾಭ ನಷ್ಟ ಗೊತ್ತಾಗೋದು. ನೀರಿನ ಯೋಜನೆಗೆ ಮಾತ್ರ ಪೂಜೆಯ ದಿನವೇ ಲೆಕ್ಕ ಮುಗಿದು ಹೋಗುತ್ತದೆ.

ಯಾವ ಯೋಜನೆ ನಿಂತಿತು, ಯಾವುದು ಬಿತ್ತು, ಯಾಕೆ ಬಿತ್ತು ಎಂದು ಕಲಿಯಬೇಕಾದರೆ ದೂರ ಹೋಗಬೇಕಾಗಿಲ್ಲ. ನಮ್ಮ ಕಾಲ ಬುಡದಲ್ಲೇ ಪಾಠ ಇದೆ.

ಬಹಮನಿ ಸುಲ್ತಾನರು 15ನೇ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದರು. ಎತ್ತರದ ಜಾಗ, ಕೋಟೆಗೆ ಒಳ್ಳೆಯದು, ಕುಡಿಯುವ ನೀರಿಗೆ ಕಷ್ಟ. ಮೇಲೆ ಕೆಂಪು ಮುರಗಲ್ಲು, ಕೆಳಗೆ ಕರಿ ಬಂಡೆ. ಮಳೆ ನೀರು ಕೆಂಪು ಕಲ್ಲಿನಲ್ಲಿ ಇಳಿದು, ಕರಿ ಬಂಡೆಗೆ ತಾಗಿ ನಿಲ್ಲುತ್ತದೆ, ಇಳಿಜಾರು ಸಿಕ್ಕಲ್ಲಿ ಝರಿಯಾಗಿ ಹೊರಗೆ ಬರುತ್ತದೆ. ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟ ನೀರಿನಲ್ಲಿ ನಡೆದು ಹೋಗುವ ಭಕ್ತರಿಗೂ, ನಾನಕ ಝೀರಾದಲ್ಲಿ ನೀರು ತುಂಬಿಕೊಳ್ಳುವವರಿಗೂ ಇದು ಗೊತ್ತಿದ್ದ ಸಂಗತಿ. ಇದನ್ನೇ ಹಿಡಿದು ಆ ಕಾಲದವರು ಪರ್ಷಿಯಾದ ಪದ್ಧತಿಯಲ್ಲಿ ಕರೇಜ್ ತೋಡಿದರು. ನಮ್ಮವರು ಅದಕ್ಕೆ ಸುರಂಗ ಬಾವಿ ಅನ್ನುತ್ತಾರೆ. ಮೇಲ್ಗಡೆ ಒಂದು ತಾಯಿ ಬಾವಿ. ಅಲ್ಲಿಂದ ನೆಲದೊಳಗೆ ಸ್ವಲ್ಪವೇ ಇಳಿಜಾರಿನ ಸುರಂಗ. ನಡುನಡುವೆ ಗಾಳಿ ಬಾವಿಗಳು. ಎತ್ತು ಬೇಡ, ಮೋಟಾರು ಬೇಡ, ಕರೆಂಟು ಬೇಡ. ನೌಬಾದಿನ ಕರೇಜ್ ಒಂದೇ ಮೂರು ಕಿಲೋಮೀಟರಿನಷ್ಟು ಉದ್ದ ಇದೆ.

ಈ ಪದ್ಧತಿಯಲ್ಲಿ ಒಂದು ಗುಣ ನೋಡಿ. ನೆಲ ಎಷ್ಟು ಕೊಡುತ್ತದೋ ಅಷ್ಟೇ ನೀರು ಹರಿಯುತ್ತದೆ. ದುರಾಸೆಯಿಂದ ಜಗ್ಗಲು ಬರುವುದಿಲ್ಲ. ಇನ್ನೊಂದು ಗುಣ, ಗಾಳಿ ಬಾವಿಯಲ್ಲಿ ಇಳಿದು ಹೂಳು ತೆಗೆಯುತ್ತಲೇ ಇರಬೇಕು. ತೆಗೆಯುವವರು ಇರುವ ತನಕ ನೀರು ಬಂತು. ಬೋರು ಬಂತು, ನಳ ಬಂತು, ಸುರಂಗ ಯಾರಿಗೂ ಬೇಡವಾಯಿತು. ಗಾಳಿ ಬಾವಿಗಳಲ್ಲಿ ಕಸ ಸುರಿದರು, ಕೆಲವನ್ನು ಮುಚ್ಚಿ ಮೇಲೆ ಕಟ್ಟಿದರು. ಐನೂರು ವರ್ಷ ಬಾಳಿದ್ದನ್ನು ಹಾಳು ಮಾಡಲು ನಮಗೆ ಐವತ್ತು ವರ್ಷವೂ ಬೇಕಾಗಲಿಲ್ಲ.

ಕೇರಳದ ಭೂಗೋಳ ಅಧ್ಯಾಪಕ ವಿ. ಗೋವಿಂದನ್‌ಕುಟ್ಟಿ ಇಲ್ಲಿಗೆ ಬಂದು, ಸುರಂಗ ಎಲ್ಲೆಲ್ಲಿ ಹಾದು ಹೋಗುತ್ತದೆ ಎಂದು ನಕಾಶೆ ಮಾಡಿ ತೋರಿಸಿದರು. ಊರಿನ ಹುಡುಗರ ಟೀಮ್ ಯುವಾ ಕೈ ಜೋಡಿಸಿತು. 2016ರ ಬರದ ಹೊತ್ತಿಗೆ ಜಿಲ್ಲಾಧಿಕಾರಿಯಾಗಿದ್ದ ಅನುರಾಗ್ ತಿವಾರಿ ಅವರು ಕೆರೆ, ಬಾವಿ, ಕರೇಜುಗಳ ಹೂಳೆತ್ತುವ ಕೆಲಸಕ್ಕೆ ತಾವೇ ಮುಂದೆ ನಿಂತರು. ಅದೇ ವರ್ಷ ಏಪ್ರಿಲಿನಲ್ಲಿ ಪಕ್ಕದ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ನೀರು ಹೊತ್ತು ತಂದದ್ದು ದೇಶಕ್ಕೆಲ್ಲ ಗೊತ್ತಿದೆ. ಆ ಬಿಸಿಲಿನಲ್ಲಿ ಬೀದರಿನಲ್ಲಿ ಸನಿಕೆ ಹಿಡಿದದ್ದು ಸಣ್ಣ ಮಾತಲ್ಲ. ತಿವಾರಿಯವರು 2017ರಲ್ಲಿ ತೀರಿಕೊಂಡರು. ಜನ ಇವತ್ತಿಗೂ ಅವರ ಹೆಸರು ಹೇಳುತ್ತಾರೆ.

ಆದರೆ ಹೆಸರು ಹೇಳಿದರಷ್ಟೇ ಸಾಲದು. ಒಬ್ಬ ಒಳ್ಳೆಯ ಸಾಹೇಬರು ಬಂದಾಗ ಕೆಲಸ ಓಡುತ್ತದೆ, ವರ್ಗವಾದ ಮರುದಿನ ಅದಕ್ಕೆ ವಾರಸುದಾರ ಇರುವುದಿಲ್ಲ. ಕರೇಜ್ ಯಾರದು? ಪುರಾತತ್ವದವರದೋ, ನಗರಾಡಳಿತದ್ದೋ, ಪ್ರವಾಸೋದ್ಯಮದ್ದೋ, ಮೇಲೆ ಪ್ಲಾಟು ಕೊಂಡವರದ್ದೋ? ಇದು ಬಗೆಹರಿಯದೆ ಎಷ್ಟು ಸಲ ಹೂಳೆತ್ತಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಇನ್ನು ಕಾರಂಜಾ ಕಡೆ ಬರೋಣ. ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿಯ ಹತ್ತಿರ ಕಟ್ಟಿದ ಅಣೆಕಟ್ಟು. ಕೆಲಸ ಶುರುವಾದದ್ದು 1970ರ ದಶಕದಲ್ಲಿ. ಹಿಡಿಯುವ ನೀರು 7.69 ಟಿ.ಎಂ.ಸಿ. ಬೀದರ ನಗರ ಕುಡಿಯುವುದು ಈ ನೀರನ್ನೇ. ಕಟ್ಟೆ ನಿಂತಿದೆ, ನೀರೂ ನಿಲ್ಲುತ್ತದೆ, ಇಲ್ಲ ಅನ್ನಲಾಗದು. ಆದರೆ ಹೊಲ ಕಳೆದುಕೊಂಡ ರೈತರು ಯೋಗ್ಯ ಪರಿಹಾರ ಕೊಡಿ ಎಂದು 2022ರಲ್ಲಿಯೂ ಬೀದರಿನಲ್ಲಿ ಧರಣಿ ಕೂತರು. ಅಂದರೆ ಕೆಲಸ ಶುರುವಾದಾಗ ಹುಟ್ಟಿದ ಮಗು ಅಜ್ಜನಾಗುವ ಹೊತ್ತಿಗೂ ಲೆಕ್ಕ ಚುಕ್ತಾ ಆಗಿರಲಿಲ್ಲ. ಕಾಂಕ್ರೀಟು, ಗೇಟು, ಕಾಲುವೆ ಇವನ್ನು ಅಳೆಯಲು ಇಂಜಿನಿಯರುಗಳಿದ್ದಾರೆ. ಮುಳುಗಿದವನ ಮನೆ, ಕಾಲುವೆಯ ಬಾಲದಲ್ಲಿ ಕಾಯುವವನ ಹೊಲ, ಇವನ್ನು ಅಳೆಯುವ ಟೇಪು ಯಾವ ಇಲಾಖೆಯಲ್ಲೂ ಇಲ್ಲ.

ಹಾಗಾದರೆ ಯಾವುದೂ ಗೆದ್ದಿಲ್ಲವೇ? ಗೆದ್ದದ್ದೂ ಉಂಟು. ಕಲಬುರಗಿಗೆ ದಿನಾ ಬಸ್ಸು ಹತ್ತುವವರು ಕೇಳಿರುತ್ತಾರೆ. 2008ರಲ್ಲಿ ಕಲಬುರಗಿ, ಬೆಳಗಾವಿ, ಹುಬ್ಬಳ್ಳಿ-ಧಾರವಾಡಗಳ ಕೆಲವೇ ಬಡಾವಣೆಗಳಲ್ಲಿ ವಿಶ್ವಬ್ಯಾಂಕಿನ ಸಾಲದಿಂದ 24 ತಾಸು ನೀರು ಕೊಡಲು ಶುರು ಮಾಡಿದರು. ಹಳೆಯ ಪೈಪು ಕಿತ್ತು ಹೊಸದು ಹಾಕಿದರು, ಮನೆಮನೆಗೆ ಮೀಟರು ಕೂಡಿಸಿದರು, ಸೋರಿದರೆ ಯಾರು ಜವಾಬ್ದಾರಿ ಎಂದು ಕರಾರಿನಲ್ಲೇ ಬರೆದರು. ಮೀಟರು ಬಂತು, ಕಂಪನಿ ಬಂತು, ಬಡವರ ನೀರು ಹೋಯಿತು ಎಂದು ಗಲಾಟೆಯೂ ಆಯಿತು. ಆ ಅನುಮಾನ ಇರಬೇಕಾದದ್ದೇ. ಆದರೆ ಅಲ್ಲಿ ನೀರು ಬಂತು.

ನೀರಿನ ಗುಣ ನೋಡಿದವರೂ ಇದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಹುಬ್ಬಳ್ಳಿ-ಧಾರವಾಡದ ನಳಗಳ ನೀರು ಪರೀಕ್ಷೆ ಮಾಡಿ 2013ರಲ್ಲಿ ಪ್ರಕಟಿಸಿದರು. ಬಿಟ್ಟು ಬಿಟ್ಟು ನೀರು ಬರುವ ಕಡೆ ನೂರರಲ್ಲಿ 31ಕ್ಕಿಂತ ಹೆಚ್ಚು ಮಾದರಿಗಳಲ್ಲಿ ಮಲದಿಂದ ಬರುವ ರೋಗಾಣು ಸಿಕ್ಕಿತು. ಸದಾ ನೀರು ಇರುವ ಕಡೆ ನೂರಕ್ಕೆ ಒಂದೂ ಇಲ್ಲ. ಕಾರಣ ಸರಳ. ಪೈಪು ಖಾಲಿ ಬಿದ್ದರೆ ಒಡಕಿನಿಂದ ಪಕ್ಕದ ಗಟಾರದ ನೀರು ಒಳಗೆ ಬರುತ್ತದೆ. ನೀರು ಬಿಟ್ಟಾಗ ಮೊದಲ ಕೊಡಕ್ಕೆ ಅದೇ ಬೀಳುತ್ತದೆ. ನಾಲ್ಕು ದಿನಕ್ಕೊಮ್ಮೆ ನೀರು ಬರುವ ಊರಿನವರು ಮೊದಲ ಎರಡು ಕೊಡ ಚೆಲ್ಲುತ್ತಾರಲ್ಲ, ಅವರು ದಡ್ಡರಲ್ಲ.

ಆದರೆ ಆ ಗೆಲುವನ್ನು ಉಳಿದ ಬಡಾವಣೆಗಳಿಗೆ ಹಬ್ಬಿಸಲು ಹತ್ತು ವರ್ಷ ದಾಟಿದವು. ಏನು ಮಾಡಿದ್ದರಿಂದ ಗೆದ್ದೆವು ಎಂಬ ತಿಳುವಳಿಕೆ ಫೈಲಿನಲ್ಲಿ ಕೂತಿತ್ತು, ಪಕ್ಕದ ಓಣಿಗೆ ಹೋಗಲಿಲ್ಲ.

ಹಳ್ಳಿಗಳ ಕಡೆಗೂ ಪ್ರಯೋಗ ನಡೆದಿವೆ. 2002ರ ಸುಮಾರಿಗೆ ಜಲನಿರ್ಮಲ ಯೋಜನೆ ಉತ್ತರ ಕರ್ನಾಟಕದ 11 ಜಿಲ್ಲೆಗಳಿಗೆ ಬಂತು, ಬೀದರಿಗೂ ಬಂತು. ಕೆರೆಗಳಿಗೆ ಜಲ ಸಂವರ್ಧನೆ ಯೋಜನಾ ಸಂಘ ಬಂತು. ಎರಡರಲ್ಲೂ ಮಾತು ಒಂದೇ: ಊರಿನವರು ಸಮಿತಿ ಮಾಡಬೇಕು, ತಮ್ಮ ಪಾಲಿನ ವಂತಿಗೆ ಹಾಕಬೇಕು, ಮುಂದೆ ತಾವೇ ನಡೆಸಬೇಕು. ಮಾತು ಸರಿಯಾದದ್ದೇ. ಆದರೆ ಇಂಥ ಕಡೆ ಮೋಸ ಎಲ್ಲಿ ಆಗುತ್ತದೆಂದು ಹಳ್ಳಿಯ ಯಾರನ್ನು ಕೇಳಿದರೂ ಹೇಳಿಯಾರು. ವಂತಿಗೆಯನ್ನು ಗುತ್ತಿಗೆದಾರನೇ ತುಂಬಿದರೆ ಕಾಗದದ ಮೇಲೆ ಊರಿನದಾಗುತ್ತದೆ, ಮನಸ್ಸಿನಲ್ಲಿ ಗುತ್ತಿಗೆದಾರನದೇ ಆಗಿ ಉಳಿಯುತ್ತದೆ. ಮೋಟಾರು ಸುಟ್ಟ ದಿನ ಸಮಿತಿಯ ಒಬ್ಬರೂ ಸಿಗುವುದಿಲ್ಲ. ಹೆಣ್ಣುಮಕ್ಕಳ ಹೆಸರು ಸಮಿತಿಯಲ್ಲಿ, ಸಹಿ ಗಂಡಂದಿರದು. ನೀರು ಹೊರುವವಳಿಗೆ ಮಾತಿಲ್ಲ, ಮಾತಾಡುವವನು ಕೊಡ ಹೊತ್ತವನಲ್ಲ.

ಗಡಿಯಾಚೆ ಮಹಾರಾಷ್ಟ್ರದಲ್ಲಿ ಕಲಿಯುವಂಥದ್ದು ಇದೆ. ಪುಣೆ ಜಿಲ್ಲೆಯ ಪುರಂದರ ತಾಲೂಕಿನಲ್ಲಿ 1972ರ ಬರ ನೋಡಿದ ವಿಲಾಸರಾವ್ ಸಾಳುಂಖೆ ಎಂಬ ಇಂಜಿನಿಯರರು ಪಾಣಿ ಪಂಚಾಯತ್ ಕಟ್ಟಿದರು. ಎಕರೆ ಎಷ್ಟಿದೆ ಎಂದು ಕೇಳದೆ, ಮನೆಯಲ್ಲಿ ಬಾಯಿ ಎಷ್ಟಿವೆ ಎಂದು ಕೇಳಿ ನೀರು ಹಂಚಿದರು. ಒಬ್ಬರಿಗೆ ಅರ್ಧ ಎಕರೆಯ ನೀರು. ಹೊಲವೇ ಇಲ್ಲದವನಿಗೂ ನೀರಿನ ಹಕ್ಕು. ಕಬ್ಬು ಹಾಕುವಂತಿಲ್ಲ. ಅಹಮದನಗರ ಕಡೆಯ ಹಿವರೆ ಬಜಾರಿನಲ್ಲಿ ಬೆಳೆಗೆ ಬೋರು ಹೊಡೆಯುವುದೇ ನಿಷೇಧ. ವರ್ಷಕ್ಕೊಮ್ಮೆ ಊರ ಮಂದಿ ಕೂತು, ಮಳೆ ಎಷ್ಟು ಬಿತ್ತು, ಬಾವಿಯಲ್ಲಿ ಎಷ್ಟಿದೆ, ಯಾವ ಬೆಳೆ ಹಾಕಬೇಕು ಎಂದು ಹಿಸಾಬ ಮಾಡುತ್ತಾರೆ.

ಇಂಥ ಊರುಗಳನ್ನೇ ಲೋಕವೆಲ್ಲ ಸುತ್ತಿ ಓದಿದ ಎಲಿನೋರ್ ಆಸ್ಟ್ರಮ್ ಎಂಬ ಅಮೆರಿಕದ ಮಹಿಳೆಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಸಿಕ್ಕಿತು. ಸರ್ಕಾರ ಕಾಂಕ್ರೀಟು ಹಾಕಿ ಕಟ್ಟಿದ ಕಾಲುವೆಗಿಂತ, ರೈತರೇ ನಡೆಸುವ ಕಲ್ಲುಮಣ್ಣಿನ ಕಾಲುವೆ ಕಡೆಯ ಹೊಲಕ್ಕೆ ಹೆಚ್ಚು ಸರಿಯಾಗಿ ನೀರು ಮುಟ್ಟಿಸುತ್ತದೆ ಎಂದು ನೇಪಾಳದಲ್ಲಿ ಅವರು ಕಂಡುಕೊಂಡರು. ನಿಯಮ ಮಾಡುವವರು ಅದೇ ನೀರು ಕುಡಿಯುವವರಾಗಿರಬೇಕು, ಮುರಿದವನಿಗೆ ದಂಡ ಇರಬೇಕು, ಜಗಳ ಊರಲ್ಲೇ ಬೇಗ ಬಗೆಹರಿಯಬೇಕು. ಅವರ ಮಾತಿನ ಸಾರ ಇಷ್ಟೇ.

ಈಗ ನಮ್ಮ ಕೊಳಾರಕ್ಕೆ ಬರೋಣ. ಮುಂಜಾನೆ ಬಸ್ಸಿನಲ್ಲಿ ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆ ಹೋಗುವವರಿಗೆ ಅಲ್ಲಿಯ ವಾಸನೆ ಬೇರೆ ವಿವರಿಸಬೇಕಾಗಿಲ್ಲ. ಸುತ್ತಲ ಹಳ್ಳಿಯವರು ಬಾವಿ ನೀರು ಕೆಟ್ಟಿದೆ, ಬೋರಿನ ನೀರು ಬಾಯಿಗೆ ಹಾಕಲು ಬರುವುದಿಲ್ಲ ಎಂದು ವರ್ಷಗಳಿಂದ ದೂರುತ್ತ ಬಂದಿದ್ದಾರೆ. ಇಲ್ಲಿ ಕಾನೂನು ಕಡಿಮೆ ಇದೆಯೇ? ಜಲಮಾಲಿನ್ಯ ತಡೆಯುವ ಕಾಯ್ದೆ 1974ರಿಂದ ಇದೆ. ಕರ್ನಾಟಕದ ಅಂತರ್ಜಲ ಕಾಯ್ದೆ 2011ರಿಂದ ಇದೆ. ಕೊಳಚೆ ನೋಡುವುದು ಮಾಲಿನ್ಯ ನಿಯಂತ್ರಣ ಮಂಡಳಿ, ನೆಲದೊಳಗಿನ ನೀರು ಅಂತರ್ಜಲ ಇಲಾಖೆ, ಕುಡಿಯುವ ನೀರು ಪಂಚಾಯ್ತಿ, ಜಾಗ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ. ನಾಲ್ಕು ಬಾಗಿಲು. ಒಂದು ಬಾಟಲಿ ಕೆಟ್ಟ ನೀರು ಹಿಡಿದು ಮುದುಕನೊಬ್ಬ ಮೊದಲ ಬಾಗಿಲಿಗೆ ಹೋದರೆ, "ಕಾಕಾ, ಇದು ನಮ್ಮಲ್ಲಿ ಬರೋದಿಲ್ಲ, ಆ ಆಫೀಸಿಗೆ ಹೋಗ್ರಿ" ಅನ್ನುತ್ತಾರೆ. ನಾಲ್ಕೂ ಬಾಗಿಲು ತಿರುಗಿ ಬರುವುದರಲ್ಲಿ ಬಸ್ ಚಾರ್ಜು ಖರ್ಚಾಗುತ್ತದೆ, ಬಾಟಲಿಯ ನೀರು ಹಾಗೇ ಇರುತ್ತದೆ.

ಕಾರ್ಖಾನೆ ಮುಚ್ಚಿ ಎಂದು ನಾವು ಹೇಳುತ್ತಿಲ್ಲ. ಈ ಜಿಲ್ಲೆಯ ಹುಡುಗರು ಹೈದರಾಬಾದಿಗೆ, ಪುಣೆಗೆ ಗಂಟು ಕಟ್ಟಿ ಹೋಗುವುದನ್ನು ನೋಡಿದವರು ಕೆಲಸದ ಬೆಲೆ ಬಲ್ಲರು. ಆದರೆ ಕೂಲಿ ಕೊಟ್ಟವರಿಗೆ ಬಾವಿಯನ್ನೂ ಬರೆದು ಕೊಟ್ಟಂತೆ ಆಗಬಾರದು.

ಇದೆಲ್ಲ ಈಗ ಹೇಳಲು ಕಾರಣ ಇದೆ. 2019ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಜಲಜೀವನ್ ಮಿಷನ್ ಸಾರಿತು. ನಮ್ಮಲ್ಲಿ ಅದಕ್ಕೆ ಮನೆ ಮನೆಗೆ ಗಂಗೆ ಎಂದು ಹೆಸರು. ಹಳ್ಳಿಯ ಪ್ರತಿ ಮನೆಗೆ ನಳ, ತಲೆಗೆ ದಿನಕ್ಕೆ 55 ಲೀಟರು ಶುದ್ಧ ನೀರು. 2024ಕ್ಕೆ ಮುಗಿಯಬೇಕಾಗಿತ್ತು, 2025ರ ಬಜೆಟ್ಟಿನಲ್ಲಿ 2028ಕ್ಕೆ ಮುಂದೆ ಹಾಕಿದರು. ಇಷ್ಟು ನಳ ಕೂಡಿಸಿದೆವು ಎಂಬ ಲೆಕ್ಕ ದಿನಾ ಬರುತ್ತದೆ. ನಳ ಎಣಿಸುವುದು ಸುಲಭ, ಅದು ಗೋಡೆಗೆ ಅಂಟಿಕೊಂಡು ನಿಂತಿರುತ್ತದೆ. ಎಷ್ಟು ದಿನ ನೀರು ಬಂತು ಎಂಬುದನ್ನು ಎಣಿಸಲು ಒಬ್ಬ ಮನುಷ್ಯ ಬೇಕು. ಈ ಮೂರು ವರ್ಷದೊಳಗೆ ಆ ಎಣಿಕೆ ಶುರುವಾಗದಿದ್ದರೆ, ಒಣಗಿದ ನಳಕ್ಕೆ ಎಮ್ಮೆ ಕಟ್ಟುವುದೊಂದೇ ಉಪಯೋಗ ಉಳಿಯುತ್ತದೆ.

ಆದ್ದರಿಂದ ಜಿಲ್ಲಾಡಳಿತಕ್ಕೆ ಸಾರ್ವಜನಿಕರ ಪರವಾಗಿ ನಮ್ಮ ಬೇಡಿಕೆ ಇಷ್ಟು.

ಒಂದು, ಪ್ರತಿ ಊರಿನ, ಪ್ರತಿ ವಾರ್ಡಿನ ಚೌಕದಲ್ಲಿ ಕರಿ ಹಲಗೆ ಹಾಕಿ. ಈ ತಿಂಗಳು ಎಷ್ಟು ದಿನ ನೀರು ಬಂತು, ಎಷ್ಟು ತಾಸು ಬಂತು, ರಿಪೇರಿಗೆ ಎಷ್ಟು ಖರ್ಚಾಯಿತು, ಕೆಟ್ಟರೆ ಯಾರನ್ನು ಕೇಳಬೇಕು ಎಂದು ಸೀಮೆಸುಣ್ಣದಲ್ಲಿ ಬರೆಯಿರಿ. ಇದಕ್ಕೆ ವಿಶ್ವಬ್ಯಾಂಕಿನ ಸಾಲ ಬೇಡ.

ಎರಡು, ಯೋಜನೆ ಮುಗಿದ ಒಂದು ವರ್ಷಕ್ಕೆ, ಮತ್ತೆ ಐದು ವರ್ಷಕ್ಕೆ ಗ್ರಾಮಸಭೆ ಕರೆದು ಕಡೆಯ ಮನೆಯ ಹೆಣ್ಣುಮಗಳಿಂದ ಮೊದಲು ಮಾತಾಡಿಸಿ. ಓವರ್‌ಹೆಡ್ ಟ್ಯಾಂಕಿನ ಪಕ್ಕದ ಮನೆಯವನನ್ನು ಕೇಳಿದರೆ ಎಲ್ಲ ಯೋಜನೆಯೂ ಯಶಸ್ವಿಯೇ.

ಮೂರು, ಪೈಪಿಗೆ ಕೋಟಿ ಇಡುವಾಗ ರಿಪೇರಿಗೂ ವಾಲ್‌ಮನ್ನನ ಪಗಾರಕ್ಕೂ ಹಣ ಎಲ್ಲಿಂದ ಬರುತ್ತದೆ ಎಂದು ಮೊದಲೇ ಹೇಳಿ. ನೀರಿನ ಪಟ್ಟಿ ಕೊಡುವುದು ನಮ್ಮ ಕರ್ತವ್ಯವೂ ಹೌದು. ಅಂಗಡಿಯವರು, ಹೋಟೆಲಿನವರು ಬಾಕಿ ಉಳಿಸಿಕೊಂಡು ಸಾಹೇಬರನ್ನು ಬೈಯುವುದು ಸರಿಯಲ್ಲ.

ನಾಲ್ಕು, ಕರೇಜ್ ಹಾದು ಹೋಗುವ ಗೆರೆಯನ್ನು ಲೇಔಟಿಗೆ ಮಂಜೂರಿ ಕೊಡುವ ನಕಾಶೆಯಲ್ಲಿ ಗುರುತು ಮಾಡಿ. ಅದರ ಜಿಮ್ಮೇದಾರಿ ಒಂದೇ ಆಫೀಸಿಗೆ ಬರೆದು ಕೊಡಿ.

ಐದು, ಕೊಳಾರ ಸುತ್ತಲ ಬಾವಿ, ಬೋರುಗಳ ನೀರಿನ ಪರೀಕ್ಷೆಯ ಫಲಿತಾಂಶವನ್ನು ಕನ್ನಡದಲ್ಲಿ, ಪ್ರತಿ ಮೂರು ತಿಂಗಳಿಗೆ ಪಂಚಾಯ್ತಿ ಕಟ್ಟೆಯ ಮೇಲೆ ಅಂಟಿಸಿ. ನಾಲ್ಕು ಬಾಗಿಲಿನ ಬದಲು ಒಂದು ಬಾಗಿಲು ತೆರೆಯಿರಿ.

ನಮ್ಮದು ಮಳೆಯೇ ಇಲ್ಲದ ಜಿಲ್ಲೆಯಲ್ಲ. ವರ್ಷಕ್ಕೆ ಸರಾಸರಿ 800 ಮಿಲಿಮೀಟರಿಗೂ ಹೆಚ್ಚು ಬೀಳುತ್ತದೆ. ಮಾಂಜ್ರಾ ನಮ್ಮ ಹೊಲಗಳ ನಡುವೆಯೇ ಹರಿದು ತೆಲಂಗಾಣಕ್ಕೆ ಹೋಗುತ್ತಾಳೆ. ನೀರಿಗಿಂತ ಹೆಚ್ಚಿನ ಬರ ಇರುವುದು ಹಿಸಾಬಿಗೆ. ಮುಂದಿನ ಅಡಿಗಲ್ಲಿಗೆ ಬರುವ ಮಂತ್ರಿಗಳಿಗೆ ಹಾರ ಹಾಕುವ ಮೊದಲು, ಹಿಂದಿನ ಕಲ್ಲಿನ ನೀರು ಎಲ್ಲಿ ಎಂದು ಒಬ್ಬರಾದರೂ ಎದ್ದು ಕೇಳಬೇಕು. ಕೇಳಿದವರ ಮಾತು ಅಚ್ಚು ಹಾಕಲು ಈ ಅಂಕಣದಲ್ಲಿ ಜಾಗ ಇದೆ. ಉತ್ತರ ಕೊಡಲು ಸಂಬಂಧಪಟ್ಟವರು ತಯಾರಿದ್ದಾರೆಯೇ?