ಹೂವಿನ ಚಿತ್ರದಿಂದ ಗಿರಾಕಿ ಬರುವನೇ?

ಸಣ್ಣ ವ್ಯಾಪಾರಿ ಬಂಧುಗಳೇ, ವಾಟ್ಸಾಪಿನಲ್ಲಿ ಏನು ಹಾಕುವುದೆಂದು ತೋಚದೆ ದಿನವೂ 'ಶುಭೋದಯ'ದ ಹೂವಿನ ಚಿತ್ರ ಕಳಿಸಿದರೆ ಅಂಗಡಿ ನಡೆದೀತೇ? 2014ರಲ್ಲಿ ವಾಟ್ಸಾಪನ್ನು ಕೊಂಡ ಫೇಸ್‌ಬುಕ್ ಕಂಪನಿ, ಅಂದರೆ 2021ರಿಂದ ಮೆಟಾ, ಬದುಕಿರುವುದೇ ಜಾಹೀರಾತಿನ ಹಣದಿಂದ. ಹಣದ ಪಂದ್ಯದಲ್ಲಿ ದೊಡ್ಡ ಬಂಡವಾಳಗಾರನನ್ನು ನಾವು ಗೆಲ್ಲಲಾರೆವು. ನಮ್ಮಲ್ಲಿರುವ ಸರಕೇ ಬೇರೆ: ದುಡಿಮೆಯ ಕತೆ.

ಇಳಕಲ್ ಸೀರೆ ಮಾರುವವರು, ಒಡಲಿನ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಕೊಂಡಿ ಹಾಕಿ ಸೇರಿಸುವ ಕೈಗಳನ್ನು ತೋರಿಸಲಿ. ಕೈಮಗ್ಗದ್ದು ಯಾವುದು, ಪವರ್‌ಲೂಮಿನದು ಯಾವುದು ಎಂದು ತಿಳಿಸಲಿ. ಬೆಲೆಯಲ್ಲಿ ನೇಕಾರನ ಕೂಲಿ ಎಷ್ಟೆಂದೂ ಬರೆಯಲಿ. ಗಿರಣಿಯಲ್ಲಿ ದುಡಿಯುವ ಗಿರಾಕಿಗೆ ಈ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ. ಕೂಲಿಯನ್ನು ಮುಚ್ಚಿಡಬೇಕಾದ ಅಂಗಡಿಗೆ ಯಾವ ಜಾಹೀರಾತೂ ಮರ್ಯಾದೆ ತಾರದು.