ಚಂದ್ರನ ಕತ್ತಲ ಮಗ್ಗುಲು

ಪಾಶ್ಚಾತ್ಯರ ರಾಕ್ ಸಂಗೀತವೆಂದರೆ ಬರಿಯ ಗದ್ದಲವೆಂದು ಮೂಗು ಮುರಿಯುವವರು ನಮ್ಮ ಕಾಲೇಜಿನಲ್ಲಿ ಬಹುಮಂದಿ ಇದ್ದಾರೆ. ಪಟ್ಟಕದ ಮೂಲಕ ಹಾಯ್ದ ಬೆಳಕು ಬಣ್ಣಗಳಾಗಿ ಒಡೆಯುವ ಚಿತ್ರವುಳ್ಳ ಅಂಗಿಯನ್ನು ತೊಟ್ಟು, ಅದು ಯಾವ ಸಂಗೀತದ ಗುರುತೆಂಬುದನ್ನೇ ಅರಿಯದೆ ಓಡಾಡುವವರೂ ಉಂಟು. ಈ ಎರಡು ಪಂಗಡದವರಲ್ಲಿಯೂ ನನ್ನದೊಂದು ಅರಿಕೆ: ಆ ಸಂಗೀತವನ್ನು ಒಮ್ಮೆ ಕೇಳಿ ನೋಡಿರಿ.

ಆ ಚಿತ್ರವು ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ತಂಡದವರು 1973 ರ ಮಾರ್ಚಿಯಲ್ಲಿ ಹೊರತಂದ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಎಂಬ ಧ್ವನಿಮುದ್ರಿಕೆಯ ಹೊದಿಕೆಯದು. ಚಂದ್ರನ ಕತ್ತಲ ಮಗ್ಗುಲು ಎಂದು ಅದರ ಅರ್ಥ. ಸುಮಾರು 43 ನಿಮಿಷಗಳ ಈ ಕೃತಿ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಮುದ್ರಿಕೆಗಳ ಪಟ್ಟಿಯಲ್ಲಿ 1973 ರಿಂದ 1988 ರವರೆಗೆ ಒಟ್ಟು 741 ವಾರ ನಿಂತಿತ್ತು. ತಂದೆ ಮೆಚ್ಚಿದ ಹಾಡನ್ನು ಮಗ ತಿರಸ್ಕರಿಸುವುದು ಲೋಕರೂಢಿ. ಇದನ್ನಾದರೋ ತಲೆಮಾರಿನಿಂದ ತಲೆಮಾರಿಗೆ ಕೇಳುತ್ತ ಬಂದಿದ್ದಾರೆ. ಕಾರಣವೇನು?

ಧ್ವನಿಯ ಚಮತ್ಕಾರವೇ ಕಾರಣವೆಂದು ಕೆಲವರು ಹೇಳುವುದುಂಟು. ನಾಣ್ಯಗಳ ಸದ್ದು, ಕಾಗದ ಹರಿಯುವ ಸದ್ದು, ಅಂಗಡಿಯ ಗಲ್ಲಾಯಂತ್ರದ ಸದ್ದುಗಳನ್ನು ಹಿಡಿದು, ಟೇಪನ್ನು ಅಳತೆಗೆ ಕತ್ತರಿಸಿ ಅಂಟಿಸಿ, ‘ಮನಿ’ ಎಂಬ ಹಾಡಿಗೆ ಲಯ ಕಟ್ಟಿದರು. ಅದರ ಮುಖ್ಯ ನಡೆ 7 ಎಣಿಕೆಯದು. ಮಿಶ್ರಛಾಪು ಕೇಳಿ ಬೆಳೆದ ಕಿವಿಗೆ ಅದು ತೀರ ಪರಕೀಯವೇನಲ್ಲ. ಆದರೆ ಚಮತ್ಕಾರಕ್ಕೆ ಆಯುಷ್ಯ ಕಡಿಮೆ. ಅಂದು ಕೈಯಾರೆ ಕತ್ತರಿಸಿ ಮಾಡಿದ ಕೆಲಸವನ್ನು ಇಂದು ಹುಡುಗರು ಫೋನಿನಲ್ಲೇ ಮಾಡಿ ಮುಗಿಸುತ್ತಾರೆ.

ನನ್ನ ಮತದಲ್ಲಿ ಅದರ ಬಾಳಿಕೆಗೆ ಕಾರಣ ಅದರ ಕರುಣೆ. ಕೈಜಾರುವ ಕಾಲ, ಹಣದ ಮೋಹ, ಸಾವು, ಯುದ್ಧ, ಕೊನೆಗೆ ಬುದ್ಧಿಭ್ರಮಣೆ, ಇವು ಅದರ ವಸ್ತು. ಹಾಡುಗಳ ಮಾತನ್ನು ಬರೆದ ರಾಜರ್ ವಾಟರ್ಸನಿಗೆ ಆಗಿನ್ನೂ 30 ತುಂಬಿರಲಿಲ್ಲ.

ಆ ಕರುಣೆಯ ಹಿಂದೆ ನಿಜವಾದ ನೋವೊಂದಿದೆ. ತಂಡದ ಮೊದಲ ಹಾಡುಗಾರನೂ ಗೀತಕಾರನೂ ಆಗಿದ್ದ ಸಿಡ್ ಬ್ಯಾರೆಟ್ಟನ ಮನಸ್ಸಿನ ಸಮತೋಲ ತಪ್ಪಿತು. 1968 ರ ಜನವರಿಯಲ್ಲಿ ಒಂದು ದಿನ ಸಂಗೀತ ಕಚೇರಿಗೆ ಹೊರಟ ಗೆಳೆಯರು ದಾರಿಯಲ್ಲಿ ಅವನನ್ನು ಕರೆದುಕೊಳ್ಳದೆಯೇ ಹೋಗಿಬಿಟ್ಟರು. ಕೆಲವೇ ತಿಂಗಳಲ್ಲಿ ಅವನು ತಂಡದಿಂದ ಹೊರಗಾದನು. ಐದು ವರ್ಷಗಳ ಬಳಿಕ ಬಂದ ‘ಬ್ರೈನ್ ಡ್ಯಾಮೇಜ್’ ಎಂಬ ಹಾಡಿನಲ್ಲಿ ಅವನ ನೆರಳಿದೆ. ಹೊರಗೆ ಹುಲ್ಲಿನ ಮೇಲಿದ್ದ ಹುಚ್ಚನು ಹಾಡು ಮುಂದುವರಿದಂತೆ ಮನೆಯೊಳಗೆ ಬಂದು, ಕಡೆಗೆ ಹಾಡುವವನ ತಲೆಯೊಳಗೇ ಕಾಣಿಸಿಕೊಳ್ಳುತ್ತಾನೆ. ಅವನು ಬೇರೆ, ನಾನು ಬೇರೆ ಎಂಬ ಗೋಡೆ ಅಲ್ಲಿ ಬಿದ್ದುಹೋಗುತ್ತದೆ.

ನಾವಾದರೋ? ಬಾಗಿಲು ಹಾಕಿಕೊಂಡು ಒಬ್ಬನೇ ಕುಳಿತ ಸಹಪಾಠಿಗೆ ‘ಮೆಂಟಲ್’ ಎಂದು ಹೆಸರಿಟ್ಟು ನಗುತ್ತೇವೆ. ನಮ್ಮ ಹಾಸ್ಟೆಲಿನಲ್ಲಿ ಹೋದ ವರ್ಷ ಅಂತಹ ಒಬ್ಬನಿದ್ದ. ದಸರೆಯ ರಜೆಗೆ ಊರಿಗೆ ಹೋದವನು ಮರಳಿ ಬರಲೇ ಇಲ್ಲ. ನಕ್ಕವರಲ್ಲಿ ನಾನೂ ಒಬ್ಬ. ಈ ಹಾಡನ್ನು ಕೇಳಿದಾಗಲೆಲ್ಲ ಅವನ ಖಾಲಿ ಮಂಚ ನನ್ನ ಕಣ್ಣ ಮುಂದೆ ನಿಲ್ಲುತ್ತದೆ.

ಈ ಕೃತಿ ಎದೆಬಡಿತದಿಂದ ಮೊದಲಾಗಿ ಎದೆಬಡಿತದಲ್ಲೇ ಕೊನೆಗಾಣುತ್ತದೆ. ಆದುದರಿಂದ ಇದನ್ನು ಅಲ್ಲೊಂದು ಇಲ್ಲೊಂದು ಹಾಡಾಗಿ ಹೆಕ್ಕದೆ ಮೊದಲಿನಿಂದ ಕೊನೆಯವರೆಗೆ ಕೂತು ಕೇಳಬೇಕು. ಬಿಡುವಾದ ಒಂದು ಸಂಜೆ ಕೇಳಿರಿ. ಪಕ್ಕದ ಕೊಠಡಿಯಲ್ಲಿ ಯಾರೊಡನೆಯೂ ಮಾತನಾಡದೆ ಕುಳಿತಿರುವವನನ್ನೂ ಜೊತೆಗೆ ಕರೆಯಿರಿ. ಇಷ್ಟು ಮಾಡಿದ ಮೇಲೂ ಇದು ಬರಿಯ ಗದ್ದಲವೆಂದು ತೋರಿದರೆ ನನ್ನ ವಾದವನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.